ಕಾನೂನಿನಲ್ಲಿಲ್ಲದ ಬಾವುಟ: ಅರಿಶಿನ-ಕುಂಕುಮದ ಹಿಂದುಮುಂದು

ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ಊರಾಚೆ ಕರೆಂಟು ತಂತಿಯ ಮೇಲೆ ಕೂತ ಆ ಹಕ್ಕಿಯನ್ನು ಕಂಡು ಥಟ್ಟನೆ ಹೆಸರು ಹೇಳುವವರು ನಮ್ಮಲ್ಲಿ ಕಡಿಮೆಯೇ. ಆದರೂ ಅದಕ್ಕೆ ಸರ್ಕಾರದ ಮುದ್ರೆ ಬಿದ್ದಿದೆ. ರಾಜ್ಯಪ್ರಾಣಿ ಆನೆ, ರಾಜ್ಯವೃಕ್ಷ ಶ್ರೀಗಂಧ, ರಾಜ್ಯಪುಷ್ಪ ಕಮಲ, ಇವುಗಳಿಗೂ ಬಿದ್ದಿದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಗಂಡಭೇರುಂಡ ಪ್ರತಿಯೊಂದು ಸರ್ಕಾರಿ ಕಾಗದದ ನೆತ್ತಿಯ ಮೇಲಿದೆ. ಇಷ್ಟೆಲ್ಲ ಇರುವ ರಾಜ್ಯಕ್ಕೆ ಅಧಿಕೃತ ಬಾವುಟ ಮಾತ್ರ ಇಲ್ಲ.

ಹಾಗೆಂದರೆ ಬೀದಿಯಲ್ಲಿ ಯಾರೂ ಒಪ್ಪುವುದಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಶಂಕರ್‌ನಾಗ್ ಫೋಟೋದ ಪಕ್ಕ ಹಾರುವುದು ಮತ್ತೇನು? ನವೆಂಬರ್ ಪೂರ್ತಿ ಬೈಕುಗಳ ಹ್ಯಾಂಡಲಿಗೆ ಕಟ್ಟಿಕೊಂಡು ತಿರುಗುವುದು, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೀಸುವುದು, ಹೊರದೇಶದ ಕನ್ನಡ ಕೂಟಗಳ ವೇದಿಕೆಯ ಹಿಂದೆ ಕಟ್ಟುವುದು? ಹಳದಿ ಮೇಲೆ, ಕೆಂಪು ಕೆಳಗೆ. ಅಂಗನವಾಡಿ ಮಗುವಿಗೂ ಗೊತ್ತಿರುವ ಈ ಎರಡು ಪಟ್ಟಿಗಳನ್ನು ರಾಜ್ಯಧ್ವಜವೆಂದು ಹೇಳುವ ಕಾಯ್ದೆ ಇಂದಿಗೂ ಇಲ್ಲ. ಜನರ ಕೈಯಲ್ಲಿ ಇಷ್ಟು ಗಟ್ಟಿಯಾಗಿರುವ ಬಾವುಟ ಕಡತದಲ್ಲಿ ಇಷ್ಟು ತೆಳುವಾಗಿ ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ ಅದು ಹುಟ್ಟಿದ ಕಾಲಕ್ಕೆ ಹೋಗಬೇಕು.

ಒಂದು ಪಕ್ಷದ ಬಾವುಟ

1956ರ ನವೆಂಬರ್ 1ರಂದು ಮೈಸೂರು ರಾಜ್ಯ ಹುಟ್ಟಿತು. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರು ಎಂದು ಹರಿದು ಹಂಚಿದ್ದ ಕನ್ನಡದ ಸೀಮೆಗಳು ಒಂದೇ ಆಡಳಿತಕ್ಕೆ ಬಂದವು. ಆದರೆ ರಾಜಧಾನಿ ಬೆಂಗಳೂರಿನಲ್ಲಿ ಕನ್ನಡಕ್ಕೆ ಯಜಮಾನಿಕೆ ಸಿಕ್ಕಿರಲಿಲ್ಲ. ದಂಡು ಪ್ರದೇಶದಲ್ಲಿ ತಮಿಳು, ಇಂಗ್ಲಿಷು, ಉರ್ದು. ಚಿತ್ರಮಂದಿರಗಳಲ್ಲಿ ತಮಿಳು, ತೆಲುಗು, ಹಿಂದಿ ಚಿತ್ರಗಳದ್ದೇ ಭರಾಟೆ. ರಾಮೋತ್ಸವದ ಸಂಗೀತ ಕಛೇರಿಗಳಿಗೆ ಹೊರಗಿನ ವಿದ್ವಾಂಸರಿಗೆ ಸಿಗುವ ಮಣೆ ಇಲ್ಲಿಯವರಿಗೆ ಸಿಗುವುದಿಲ್ಲ ಎಂಬ ಸಿಟ್ಟು 1962ರ ಹೊತ್ತಿಗೆ ಬೀದಿಗೆ ಬಂತು. ಅನಕೃ ಮುಂದೆ ನಿಂತರು. ಬೆಂಗಳೂರಿನ ಕನ್ನಡ ಚಳವಳಿ ಎಂದು ನಾವು ಇವತ್ತು ಕರೆಯುವುದಕ್ಕೆ ಅಲ್ಲಿಂದ ಒಂದು ರೂಪ ಬಂತು.

ಅದೇ ಕಣದಲ್ಲಿದ್ದವರು ಮ. ರಾಮಮೂರ್ತಿ. 1918ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದವರು. ತಂದೆ ‘ವೀರಕೇಸರಿ’ ಸೀತಾರಾಮಶಾಸ್ತ್ರಿಗಳು ಹೆಸರಾಂತ ಪತ್ರಕರ್ತರು. ಮಗನೂ ಅಚ್ಚಿನ ಮಸಿ ಹಚ್ಚಿಕೊಂಡೇ ಬೆಳೆದರು. ಪತ್ರಿಕೆ ನಡೆಸಿದರು, ಪತ್ತೇದಾರಿ ಕಾದಂಬರಿಗಳನ್ನು ಬರೆದು ಹೆಸರು ಮಾಡಿದರು, ಆಮೇಲೆ ಎಲ್ಲ ಬಿಟ್ಟು ಚಳವಳಿಗೆ ಇಳಿದರು. ಜನ ಅವರನ್ನು ಕರೆದದ್ದು ‘ವೀರಸೇನಾನಿ’ ಎಂದು. ಅವರು ಕಟ್ಟಿದ ರಾಜಕೀಯ ಪಕ್ಷದ ಹೆಸರು ಕನ್ನಡ ಪಕ್ಷ.

ಬಾವುಟದ ಯೋಚನೆ ಬಂದದ್ದು ಬೇರೆಯವರ ಬಾವುಟ ನೋಡಿ ಎನ್ನುತ್ತಾರೆ. ಆ ದಿನಗಳಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ದ್ರಾವಿಡ ಮುನ್ನೇತ್ರ ಕಳಗಂನ ಕಪ್ಪು-ಕೆಂಪು ಧ್ವಜ ರಾಜಾರೋಷವಾಗಿ ಹಾರುತ್ತಿತ್ತು. ಕನ್ನಡದವರು ಮೆರವಣಿಗೆ ಹೊರಟರೆ ಕೈಯಲ್ಲಿ ಹಿಡಿಯಲು ಭಿತ್ತಿಪತ್ರ ಬಿಟ್ಟರೆ ಬೇರೇನೂ ಇರಲಿಲ್ಲ. 1960ರ ದಶಕದ ನಡುಭಾಗದಲ್ಲಿ ರಾಮಮೂರ್ತಿಯವರು ಹಳದಿ-ಕೆಂಪಿನ ಬಾವುಟ ರೂಪಿಸಿದರು. ಅಂದರೆ ಇವತ್ತು ಇಡೀ ನಾಡಿನದೆಂದು ನಾವು ಭಾವಿಸುವ ಬಾವುಟ ಹುಟ್ಟಿನಿಂದ ಒಂದು ಪಕ್ಷದ ಬಾವುಟ. ಇದನ್ನು ಮುಜುಗರದ ಸಂಗತಿ ಎಂದು ಮುಚ್ಚಿಡಬೇಕಾಗಿಲ್ಲ. ಅಶೋಕಚಕ್ರದ ಜಾಗದಲ್ಲಿ ಚರಕವಿದ್ದ ತ್ರಿವರ್ಣ ಧ್ವಜವೂ ಮೊದಲು ಕಾಂಗ್ರೆಸ್ಸಿನದೇ ಆಗಿತ್ತು.

ಆ ಮೊದಲ ಬಾವುಟ ಈಗಿನಂತೆ ಬರೀ ಎರಡು ಪಟ್ಟಿಯಾಗಿರಲಿಲ್ಲ. ನಡುವೆ ಕರ್ನಾಟಕದ ನಕ್ಷೆಯಿತ್ತು, ಭತ್ತದ ತೆನೆಯಿತ್ತು. ಜನ ಬಣ್ಣಗಳನ್ನು ಉಳಿಸಿಕೊಂಡರು, ಚಿತ್ರವನ್ನು ಬಿಟ್ಟರು. ಯಾಕಿರಬಹುದು? ನನಗೆ ತೋಚುವ ಕಾರಣ ತೀರ ಸಾದಾ. ಹಳದಿ ಬಟ್ಟೆಯ ತುಂಡಿಗೆ ಕೆಂಪು ಬಟ್ಟೆಯ ತುಂಡು ಜೋಡಿಸಿ ಒಂದು ಹೊಲಿಗೆ ಹಾಕಿದರೆ ಬಾವುಟ ಸಿದ್ಧ. ಯಾವ ಊರಿನ ದರ್ಜಿಯೂ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾನೆ. ನಕ್ಷೆ ಬೇಕೆಂದರೆ ಅಚ್ಚು ಬೇಕು, ಬಣ್ಣ ಬೇಕು, ಬರೆಯುವವರು ಬೇಕು, ದುಡ್ಡು ಬೇಕು. ರಾತ್ರೋರಾತ್ರಿ ಬಂದ್‌ಗೆ ಕರೆ ಕೊಡುವ ಚಳವಳಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಜೊತೆಗೆ, ನಕ್ಷೆ ತೆಗೆದ ಮೇಲೆ ಅದು ಒಂದು ಪಕ್ಷದ ಗುರುತಾಗಿ ಉಳಿಯಲೂ ಇಲ್ಲ, ಯಾರು ಬೇಕಾದರೂ ಎತ್ತಿ ಹಿಡಿಯಬಹುದಾಯಿತು.

ರಾಮಮೂರ್ತಿಯವರು ಇದನ್ನೆಲ್ಲ ನೋಡಲು ಉಳಿಯಲಿಲ್ಲ. 1967ರ ಡಿಸೆಂಬರ್‌ನಲ್ಲಿ ಬಾವಿಯ ದುರಂತದಲ್ಲಿ ಇಬ್ಬರು ಗಂಡುಮಕ್ಕಳ ಜೊತೆಗೇ ತೀರಿಕೊಂಡರು. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. ದೇವರಾಜ ಅರಸರ ಕಾಲದಲ್ಲಿ ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಬಾವುಟ ರಾಜ್ಯದ ಹೆಸರಿಗಿಂತ ಹಿರಿಯದು. ಕನ್ನಡ ಪಕ್ಷ ಚುನಾವಣೆಗಳಲ್ಲಿ ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ, ನಿಧಾನಕ್ಕೆ ಮರೆಗೆ ಸರಿಯಿತು. 1982ರ ಗೋಕಾಕ್ ಚಳವಳಿಯಲ್ಲಿ ರಾಜಕುಮಾರ್ ಊರೂರು ತಿರುಗುವ ಹೊತ್ತಿಗೆ ಈ ಎರಡು ಬಣ್ಣ ಯಾವ ಪಕ್ಷದ್ದೆಂದು ಕೇಳುವವರೇ ಇರಲಿಲ್ಲ.

ಒಂದೇ ಬೇರಿನ ಎರಡು ಬಣ್ಣ

ಹಳದಿ ಅರಿಶಿನ, ಕೆಂಪು ಕುಂಕುಮ. ವಿವರಣೆ ಇಲ್ಲಿಂದ ಶುರುವಾಗುತ್ತದೆ, ಬಹಳ ಸಲ ಇಲ್ಲಿಗೇ ಮುಗಿದೂ ಹೋಗುತ್ತದೆ. ಮಂಗಳಕರ, ಶುಭಸೂಚಕ, ತಾಯಿ ಭುವನೇಶ್ವರಿಯ ಪ್ರಸಾದ ಎನ್ನುತ್ತೇವೆ. ಆದರೆ ಈ ಎರಡು ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡಿದರೆ ಇನ್ನೊಂದು ಸ್ವಾರಸ್ಯ ಕಾಣುತ್ತದೆ.

ಆರತಿ ತಟ್ಟೆಗೆ ಕೆಂಪು ನೀರು ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ನೀರಿಗೆ ಅರಿಶಿನ ಕದಡಿದರೆ ಹಳದಿ. ಅದಕ್ಕೆ ಎಲೆಯಡಿಕೆಯ ಡಬ್ಬಿಯಿಂದ ಒಂದು ಚೂರು ಸುಣ್ಣ ಹಾಕಿ ಬೆರಳಾಡಿಸಿದರೆ ಕಣ್ಣೆದುರೇ ರಕ್ತಗೆಂಪು. ಕುಂಕುಮ ಹೊರಗಿನಿಂದ ಏನೂ ಬೀಳಲಿಲ್ಲ, ಅರಿಶಿನವೇ ಬಣ್ಣ ಬದಲಿಸಿತು. ಅರಿಶಿನದ ಹಳದಿಗೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಹುಳಿಯಲ್ಲೂ ಬರೀ ನೀರಿನಲ್ಲೂ ಅದು ಹಳದಿಯಾಗಿಯೇ ಇರುತ್ತದೆ, ಕ್ಷಾರ ತಗಲಿದ ಕೂಡಲೇ ಕೆಂಪಿಗೆ ತಿರುಗುತ್ತದೆ. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅರಿಶಿನದ ಕಾಗದ ಅದ್ದಿ ಸಾಬೂನು ನೀರು ಪರೀಕ್ಷಿಸುವುದು ಇದೇ ಗುಣದಿಂದ. ಹಳೆಯ ಪದ್ಧತಿಯ ಕುಂಕುಮವೂ ಅರಿಶಿನದ ಕೊಂಬಿನಿಂದಲೇ ಆಗುವಂಥದ್ದು. ನಿಂಬೆರಸ, ಬಿಳಿಗಾರ ಬೆರೆಸಿ ನೆನೆಸಿ, ಒಣಗಿಸಿ, ಕುಟ್ಟಿ ಜರಡಿ ಹಿಡಿಯುತ್ತಾರೆ. ಚಾಮರಾಜನಗರದ ಹೊಲದಿಂದ ಬಂದ ಒಂದೇ ಕೊಂಬು ಒಂದು ಮನೆಯಲ್ಲಿ ಹಳದಿಯಾಗಿ, ಇನ್ನೊಂದು ಮನೆಯಲ್ಲಿ ಕೆಂಪಾಗಿ ಹಣೆಗೆ ಬರಬಹುದು. ಪೇಟೆಯಲ್ಲಿ ಈಗ ಸಿಗುವ ಹೊಳೆಯುವ ಕುಂಕುಮದ ಮಾತು ಬೇರೆ.

ರಾಮಮೂರ್ತಿಯವರು ಈ ರಸಾಯನವನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದರು ಎಂದು ಹೇಳುವುದಕ್ಕೆ ಆಧಾರವಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಆಯ್ಕೆಯ ಜಾಣತನ ಒಪ್ಪಬೇಕು. ಬಾವುಟದ ಬಣ್ಣವನ್ನು ಯಾರಿಗೂ ಕಲಿಸಬೇಕಾಗಿರಲಿಲ್ಲ. ಮನೆಗೆ ಬಂದ ಹೆಣ್ಣುಮಗಳನ್ನು ಅರಿಶಿನ-ಕುಂಕುಮ ಕೊಡದೆ ಕಳಿಸುವುದಿಲ್ಲ ಎಂಬ ರೂಢಿ ಬೀದರಿನಿಂದ ಕೊಳ್ಳೇಗಾಲದವರೆಗೆ ಇದೆ.

ಇದೇ ಆಯ್ಕೆಯ ಮೇಲೆ ಆಕ್ಷೇಪಗಳೂ ಉಂಟು, ಅವನ್ನು ತಳ್ಳಿಹಾಕುವುದು ಸರಿಯಲ್ಲ. ಅರಿಶಿನ-ಕುಂಕುಮ ಹಿಂದೂ ಮನೆಯ ಆಚಾರ, ಇಡೀ ನಾಡಿಗೆ ಹೇಗೆ ಸಲ್ಲುತ್ತದೆ ಎಂಬುದು ಒಂದು. ಆ ಆಚಾರದೊಳಗೇ ವಿಧವೆಯರನ್ನು ಹೊರಗಿಟ್ಟ ಕ್ರೂರ ಇತಿಹಾಸವಿದೆ, ಅದನ್ನು ತಾಯ್ನಾಡಿನ ಗುರುತು ಮಾಡಬೇಕೇ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳು. ಇವಕ್ಕೆ ಉತ್ತರ ಸಿಕ್ಕಿದ್ದು ವಾದದಿಂದ ಅಲ್ಲ, ಬಳಕೆಯಿಂದ. ಮುಸ್ಲಿಂ ಚಾಲಕನ ಆಟೋದ ಮೇಲೂ ಈ ಬಾವುಟವಿದೆ. ಗಂಡ ಸತ್ತ ಹೆಂಗಸು ಸಂಘದ ಕಾರ್ಯಕ್ರಮದಲ್ಲಿ ಇದನ್ನು ಹಾರಿಸಿದರೆ ಯಾರೂ ತಡೆಯುವುದಿಲ್ಲ. ಬಣ್ಣಗಳ ಹೆಸರು ಪೂಜೆಯ ಮನೆಯಿಂದ ಬಂದಿರಬಹುದು, ಬಾವುಟ ಮಾತ್ರ ಹೊಸ್ತಿಲು ದಾಟಿ ಬಂದಿದೆ.

ಎರಡನೆಯ ವ್ಯಾಖ್ಯಾನ ಪೂಜೆಯ ಮನೆಯದಲ್ಲ, ಸಭೆಯ ವೇದಿಕೆಯದು. ಹಳದಿ ಶಾಂತಿ, ಕೆಂಪು ಕ್ರಾಂತಿ ಎನ್ನುತ್ತಾರೆ. ಸುಮ್ಮನಿದ್ದರೆ ಶಾಂತರು, ಕೆಣಕಿದರೆ ಬಿಡುವುದಿಲ್ಲ ಎಂಬ ಮಾತನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳದವರಾರು? ಪ್ರಾಸವೂ ಕೂಡಿ ಬಂದದ್ದರಿಂದ ಇದು ಗಟ್ಟಿಯಾಗಿ ನಿಂತಿತು. ಆದರೆ 2018ರಲ್ಲಿ ಏನಾಯಿತು ನೋಡಿ. ಸರ್ಕಾರ ಹೊಸ ವಿನ್ಯಾಸ ತಂದು ಹಳದಿ, ಕೆಂಪಿನ ನಡುವೆ ಬಿಳಿಯ ಪಟ್ಟಿ ಸೇರಿಸಿತು. ಬಿಳಿ ಬಂದ ಮೇಲೆ ಶಾಂತಿ ಸಹಜವಾಗಿ ಅದರ ಪಾಲಾಯಿತು. ಆಗ ಹಳದಿಗೆ? ಹಳದಿ ಕ್ಷಮೆಯ ಸಂಕೇತ ಎಂಬ ಹೊಸ ವಿವರಣೆ ಬಂತು. ಕೆಂಪು ಶೌರ್ಯವಾಯಿತು. ಬಟ್ಟೆಯ ಬಣ್ಣ ಬದಲಾಗಲಿಲ್ಲ, ಪಕ್ಕದಲ್ಲಿ ಇನ್ನೊಂದು ಬಣ್ಣ ಬಂದು ಕೂತ ಮಾತ್ರಕ್ಕೆ ಅರ್ಥ ಎದ್ದು ಜಾಗ ಬದಲಿಸಿತು.

ಇದು ನಮ್ಮ ಬಾವುಟದ ಕಥೆ ಮಾತ್ರವಲ್ಲ. ರಾಷ್ಟ್ರಧ್ವಜದ ವಿಷಯದಲ್ಲೂ ಹೀಗೇ ಆಗಿದೆ. 1921ರಲ್ಲಿ ಗಾಂಧೀಜಿಯವರ ಮುಂದೆ ಬಂದ ವಿನ್ಯಾಸದಲ್ಲಿ ಕೆಂಪು ಹಿಂದೂಗಳಿಗೆ, ಹಸಿರು ಮುಸ್ಲಿಮರಿಗೆ, ಬಿಳಿ ಉಳಿದವರಿಗೆ ಎಂಬ ಲೆಕ್ಕವಿತ್ತು. ನಮಗೆ ಬಣ್ಣ ಎಲ್ಲಿ ಎಂದು ಬೇರೆ ಸಮುದಾಯಗಳು ಕೇಳುವುದು ಶುರುವಾದಾಗ ಕಾಂಗ್ರೆಸ್ 1931ರಲ್ಲಿ ಈ ಬಣ್ಣಗಳಿಗೆ ಮತಗಳ ಸಂಬಂಧವೇ ಇಲ್ಲ ಎಂದು ಸಾರಿತು. ಕೇಸರಿ ಧೈರ್ಯ ಮತ್ತು ತ್ಯಾಗ, ಬಿಳಿ ಸತ್ಯ ಮತ್ತು ಶಾಂತಿ ಎಂಬ ಪಾಠ ಬಂದದ್ದು ಆಮೇಲೆ. 1947ರ ಜುಲೈ 22ರಂದು ಸಂವಿಧಾನ ಸಭೆ ಧ್ವಜವನ್ನು ಅಂಗೀಕರಿಸಿದಾಗ ರಾಧಾಕೃಷ್ಣನ್ ಇನ್ನೊಂದು ಬಗೆಯಲ್ಲಿ ಅರ್ಥ ಹೇಳಿದರು, ಅವರಿಗೆ ಕೇಸರಿ ಎಂದರೆ ವೈರಾಗ್ಯ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಅರ್ಥಗಳು ಬಾವುಟ ಹಾರಿದ ಮೇಲೆ ಬಂದು ಸೇರಿಕೊಂಡವು. ಆದ್ದರಿಂದ ಈ ಬಣ್ಣದ ನಿಜವಾದ ಅರ್ಥ ಯಾವುದು ಎಂದು ವಾಟ್ಸಾಪಿನಲ್ಲಿ ಜಗಳವಾಡುವವರು ಅದನ್ನು ಯಾವ ವರ್ಷದ ಅರ್ಥ ಎಂದು ಕೇಳಿಕೊಂಡರೆ ಜಗಳ ಅರ್ಧ ಕಡಿಮೆಯಾದೀತು.

ಎರಡು ತಲೆಯ ಹಕ್ಕಿ

ಹಳೆಯ ಅರಸರಿಗೆ ಬಣ್ಣಕ್ಕಿಂತ ಪ್ರಾಣಿಪಕ್ಷಿಗಳೇ ಗುರುತು. ಬನವಾಸಿಯ ಕದಂಬರದು ವಾನರಧ್ವಜ, ಸಿಂಹಲಾಂಛನ. ಚಾಲುಕ್ಯರದು ವರಾಹ, ರಾಷ್ಟ್ರಕೂಟರದು ಗರುಡ, ತಲಕಾಡಿನ ಗಂಗರದು ಆನೆ. ಹೊಯ್ಸಳರ ಸಳ ಹುಲಿಯನ್ನು ಇರಿಯುವುದು ಬೇಲೂರಿಗೆ ಹೋದವರೆಲ್ಲ ಫೋಟೋ ತೆಗೆದುಕೊಳ್ಳುವ ದೃಶ್ಯ. ವಿಜಯನಗರಕ್ಕೆ ಮತ್ತೆ ವರಾಹ ಬಂತು, ನಾಣ್ಯಕ್ಕೇ ಆ ಹೆಸರು ಬಿತ್ತು. ಇವುಗಳಲ್ಲಿ ಒಂದನ್ನು ನಾಡಧ್ವಜಕ್ಕೆ ತಂದಿದ್ದರೆ ಉಳಿದ ಅರಸುಮನೆತನಗಳ ಸೀಮೆಯವರು ಸುಮ್ಮನಿರುತ್ತಿದ್ದರೇ ಎಂಬುದು ಅನುಮಾನ. ಬರೀ ಬಣ್ಣಕ್ಕೆ ಆ ತೊಡಕಿಲ್ಲ.

2018ರ ವಿನ್ಯಾಸ ಆ ತೊಡಕನ್ನು ಮೈಮೇಲೆ ಎಳೆದುಕೊಂಡಿತು. ಬಿಳಿಯ ಪಟ್ಟಿಯ ನಡುವೆ ರಾಜ್ಯ ಲಾಂಛನ ಬಂತು. ಲಾಂಛನದ ಹೃದಯ ಗಂಡಭೇರುಂಡ. ಅದು ಮೈಸೂರು ಒಡೆಯರ ಗುರುತು, ಹುಬ್ಬಳ್ಳಿ-ಕಲಬುರಗಿಯವರಿಗೇನು ಸಂಬಂಧ ಎಂದು ಕೇಳಬಹುದು. ಒಡೆಯರಿಂದ ಮೈಸೂರು ಸರ್ಕಾರಕ್ಕೆ, ಅಲ್ಲಿಂದ ಕರ್ನಾಟಕ ಸರ್ಕಾರಕ್ಕೆ ಅದು ಬಂದದ್ದು ನಿಜ. ಆದರೆ ಹಕ್ಕಿಯ ವಯಸ್ಸು ಒಡೆಯರಿಗಿಂತ ದೊಡ್ಡದು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಿ. ಶಿರಾಳಕೊಪ್ಪದಿಂದ ಹತ್ತಿರ. ಕೇದಾರೇಶ್ವರ ನೋಡಿಕೊಂಡು ಬಂದುಬಿಡುವವರೇ ಹೆಚ್ಚು. ಆ ಊರಿನಲ್ಲೇ ಎತ್ತರವಾದ ಒಂದು ಕಲ್ಲುಕಂಬವಿದೆ, ಭೇರುಂಡೇಶ್ವರ ಸ್ತಂಭ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, 1047ರಲ್ಲಿ, ಚಾಮುಂಡರಾಯರಸ ನಿಲ್ಲಿಸಿದ್ದು. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೈಸೂರಿನ ಗಾದಿಗೆ ಯದುರಾಯ ಬರುವುದಕ್ಕೆ ಮುನ್ನೂರೈವತ್ತು ವರ್ಷ ಇರುವಾಗಲೇ ಮಲೆನಾಡಿನ ಅಂಚಿನಲ್ಲಿ ಈ ರೂಪಕ್ಕೆ ಕಂಬ ಎದ್ದಿತ್ತು. ವಿಜಯನಗರದ ಅಚ್ಯುತದೇವರಾಯನ ನಾಣ್ಯಗಳ ಮೇಲೂ ಇದೇ ಹಕ್ಕಿ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲೂ ಇದೆ.

ಅದರ ಅರ್ಥವನ್ನು ಚೆನ್ನಾಗಿ ಹೇಳುವ ಕೆತ್ತನೆ ಬೇಲೂರಿನಲ್ಲಿದೆ. ಸಣ್ಣ ಪ್ರಾಣಿಯನ್ನು ಹಾವು ನುಂಗುತ್ತಿದೆ, ಹಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಪುರಾಣದ ಮೃಗ ಶರಭ, ಶರಭವನ್ನೂ ಬಿಡದ ಗಂಡಭೇರುಂಡ. ಈ ಸರಪಳಿಯನ್ನು ಕಂಡು ಪಕ್ಕದಲ್ಲೊಬ್ಬ ಋಷಿ ಬೆರಗಾಗಿ ನಿಂತಿದ್ದಾನೆ. ಬಲಕ್ಕೆ ಮೀರಿದ ಬಲ, ಅದು ಅರಸರಿಗೆ ಬೇಕಾಗಿದ್ದ ಮಾತು. ರಾಜ್ಯ ಲಾಂಛನದಲ್ಲಿ ಆ ಹಕ್ಕಿಯ ಎರಡೂ ಕಡೆ ಆನೆಯ ಸೊಂಡಿಲು, ಸಿಂಹದ ಮೈಯುಳ್ಳ ಗಜಕೇಸರಿಗಳು ನಿಂತಿವೆ, ಮೇಲೆ ಅಶೋಕನ ನಾಲ್ಕು ಸಿಂಹ, ಕೆಳಗೆ ‘ಸತ್ಯಮೇವ ಜಯತೇ’. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ಚಿಹ್ನೆಯ ತಲೆಯ ಮೇಲೆ ಗಣರಾಜ್ಯದ ಚಿಹ್ನೆ ಕೂರಿಸಿದ ಈ ಜೋಡಣೆ ನನಗೆ ಬಾವುಟದ ಎಲ್ಲ ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ.

ಕಡತದ ಕಥೆ

ರಾಜ್ಯಕ್ಕೆ ಬಾವುಟ ಇರಬಹುದೇ? ಸಂವಿಧಾನವನ್ನು ಹುಡುಕಿದರೆ ಇರಬಹುದು ಎಂದೂ ಇಲ್ಲ, ಇರಬಾರದು ಎಂದೂ ಇಲ್ಲ. ಎಲ್ಲ ತಕರಾರೂ ಈ ಮೌನದಿಂದಲೇ. ಬರೆದಿಲ್ಲವಾದ್ದರಿಂದ ತಡೆಯಿಲ್ಲ ಎಂದು ಒಬ್ಬರು, ಬರೆದಿಲ್ಲವಾದ್ದರಿಂದ ಅವಕಾಶವಿಲ್ಲ ಎಂದು ಇನ್ನೊಬ್ಬರು.

ಜಮ್ಮು-ಕಾಶ್ಮೀರಕ್ಕೆ ಇತ್ತಲ್ಲ ಎಂಬ ಮಾತು ಇಲ್ಲಿ ತಪ್ಪದೆ ಬರುತ್ತದೆ. ಕೆಂಪು ಬಟ್ಟೆಯ ಮೇಲೆ ಬಿಳಿ ನೇಗಿಲು, ಪಕ್ಕದಲ್ಲಿ ಮೂರು ನೇರ ಗೆರೆ. ನೇಗಿಲು ರೈತರದು, ಗೆರೆಗಳು ಜಮ್ಮು, ಕಾಶ್ಮೀರ, ಲಡಾಖ್. ಅದೂ ನ್ಯಾಷನಲ್ ಕಾನ್ಫರೆನ್ಸ್ ಪಕ್ಷದ ಬಾವುಟದಿಂದ ಹುಟ್ಟಿದ್ದೇ. 1952ರಲ್ಲಿ ಅಲ್ಲಿನ ಸಂವಿಧಾನ ಸಭೆ ಅದನ್ನು ಅಂಗೀಕರಿಸಿತು. ಆದರೆ ಅದಕ್ಕೆ ಆಧಾರವಾಗಿದ್ದದ್ದು ಆ ರಾಜ್ಯದ ವಿಶೇಷ ಸ್ಥಾನ. 2019ರ ಆಗಸ್ಟ್‌ನಲ್ಲಿ ಆ ಸ್ಥಾನ ಹೋಯಿತು, ಶ್ರೀನಗರದ ಸಚಿವಾಲಯದ ಮೇಲಿನ ಬಾವುಟವೂ ಇಳಿಯಿತು. ಕರ್ನಾಟಕದ ವಾದಕ್ಕೆ ಅದು ಒದಗುವ ಉದಾಹರಣೆಯಲ್ಲ. ನಮಗೆ ಹತ್ತಿರದ್ದು ತಮಿಳುನಾಡಿನ ಉದಾಹರಣೆ. 1970ರಲ್ಲಿ ಮುಖ್ಯಮಂತ್ರಿ ಕರುಣಾನಿಧಿ ಮೇಲಿನ ಮೂಲೆಯಲ್ಲಿ ತ್ರಿವರ್ಣ, ಕೆಳಗೆ ಗೋಪುರದ ಲಾಂಛನವಿರುವ ರಾಜ್ಯಧ್ವಜದ ಕರಡು ಮುಂದಿಟ್ಟರು. ಅದು ಮುಂದೆ ಹೋಗಲಿಲ್ಲ.

ನಮ್ಮಲ್ಲಿ ಸರ್ಕಾರ ಕೈಹಾಕಿದ್ದು ಎರಡು ಸಲ, ಎರಡೂ ಸಲ ಎಡವಟ್ಟಾಯಿತು. 2012ರ ಬಜೆಟ್ ಭಾಷಣದಲ್ಲಿ ಅಂದಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ರಾಜ್ಯೋತ್ಸವದಂದು ಸರ್ಕಾರಿ ಕಟ್ಟಡಗಳ ಮೇಲೆ ಕನ್ನಡ ಬಾವುಟ ಹಾರಿಸಬೇಕು ಎಂದರು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಯಾವ ಕಾನೂನಿನಡಿ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಪ್ರತ್ಯೇಕ ಧ್ವಜ ದೇಶದ ಏಕತೆಗೆ ಹೊಂದುವುದಿಲ್ಲ ಎಂದು ಸರ್ಕಾರವೇ ಕೋರ್ಟಿಗೆ ಹೇಳಿ ಹಿಂದೆ ಸರಿಯಿತು.

2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಪ್ರಧಾನ ಕಾರ್ಯದರ್ಶಿಯ ನೇತೃತ್ವದಲ್ಲಿ ಒಂಬತ್ತು ಜನರ ಸಮಿತಿ ಮಾಡಿತು. ಬಾವುಟಕ್ಕೆ ಕಾನೂನಿನ ಮಾನ್ಯತೆ ಬೇಕೆಂದು ಕೇಳಿದವರಲ್ಲಿ ಪಾಟೀಲ ಪುಟ್ಟಪ್ಪನವರೂ ಇದ್ದರು. ಸುದ್ದಿ ಹೊರಬಿದ್ದದ್ದೇ ದೆಹಲಿಯ ಟೀವಿಗಳಲ್ಲಿ ಗದ್ದಲ. ಆಗ ಕೇಂದ್ರ ಸಚಿವರಾಗಿದ್ದ ಅದೇ ಸದಾನಂದ ಗೌಡರು ಒಂದು ದೇಶಕ್ಕೆ ಎರಡು ಧ್ವಜ ಸಲ್ಲದು ಎಂದರು. ರಾಜಕೀಯದಲ್ಲಿ ಐದು ವರ್ಷ ದೊಡ್ಡ ಅವಧಿ! ಸಮಿತಿಯ ವರದಿಯ ಬೆನ್ನಿಗೆ 2018ರ ಮಾರ್ಚ್ 8ರಂದು ಹಳದಿ-ಬಿಳಿ-ಕೆಂಪಿನ ನಾಡಧ್ವಜ ಅನಾವರಣವಾಯಿತು, ಒಪ್ಪಿಗೆಗೆ ಕೇಂದ್ರಕ್ಕೆ ಹೋಯಿತು. ಎರಡು ತಿಂಗಳಿಗೆ ವಿಧಾನಸಭೆ ಚುನಾವಣೆ. ಕಡತಕ್ಕೆ ಇದುವರೆಗೆ ಒಪ್ಪಿಗೆಯ ಸಹಿ ಬಿದ್ದಿಲ್ಲ.

ಕೇಂದ್ರ ಒಪ್ಪದ್ದರಿಂದ ಅದು ನಿಂತಿತು ಎಂಬುದು ಅರ್ಧ ಸತ್ಯ. ಇನ್ನರ್ಧ ಇಲ್ಲಿಯೇ ಇದೆ. ಬಿಳಿ ಪಟ್ಟಿ ಯಾರಿಗೂ ಬೇಕಾಗಿರಲಿಲ್ಲ. ಇರುವ ಬಾವುಟಕ್ಕೆ ಮಾನ್ಯತೆ ಕೊಡಿ ಎಂದು ಕೇಳಿದವರಿಗೆ ಬೇರೆಯದೇ ಬಾವುಟ ಸಿಕ್ಕಿತು. ಅರ್ಧ ಶತಮಾನ ಎರಡು ಬಣ್ಣದ ಕೆಳಗೆ ಲಾಠಿ ಏಟು ತಿಂದ ಹೋರಾಟಗಾರರಲ್ಲಿ ಕೆಲವರು ಬಹಿರಂಗವಾಗಿಯೇ ಸಿಡಿದರು, ಉಳಿದವರು ಹೊಸದನ್ನು ಹಾರಿಸದೆ ಸುಮ್ಮನಾದರು. ಅಧಿಕಾರಿಗಳ ಕಡೆಯ ತರ್ಕ ಅರ್ಥವಾಗುವಂಥದ್ದೇ: ಸಂಘಟನೆಗಳ ಬಾವುಟಕ್ಕೂ ರಾಜ್ಯದ ಬಾವುಟಕ್ಕೂ ವ್ಯತ್ಯಾಸ ಕಾಣಬೇಕು, ಲಾಂಛನ ಇದ್ದರೆ ಅದು ಸರ್ಕಾರದ್ದೆಂದು ಗೊತ್ತಾಗುತ್ತದೆ. ಆದರೆ ಮೊದಲ ಬಾವುಟದ ನಡುವಿನಿಂದ ಜನ ನಕ್ಷೆಯನ್ನು ಕಳಚಿದ್ದು ಯಾಕೆಂದು ಆ ಸಮಿತಿ ಒಂದು ಕ್ಷಣ ಯೋಚಿಸಬೇಕಿತ್ತು.

ಮಾನ್ಯತೆ ಇಲ್ಲದಿರುವುದರ ಪರಿಣಾಮವೇನು? ಎರಡು ಪ್ರಸಂಗ ಸಾಕು. 2021ರ ಜೂನ್‌ನಲ್ಲಿ ಕೆನಡಾದ ಆನ್‌ಲೈನ್ ಮಾರಾಟ ತಾಣವೊಂದರಲ್ಲಿ ಹಳದಿ-ಕೆಂಪು ಬಣ್ಣದ, ಗಂಡಭೇರುಂಡದ ಲಾಂಛನವಿರುವ ಈಜುಡುಗೆ ಮಾರಾಟಕ್ಕೆ ಬಂತು. ಇಲ್ಲಿ ಸಿಟ್ಟು ಭುಗಿಲೆದ್ದಿತು, ಸರ್ಕಾರ ಕಾನೂನು ಕ್ರಮದ ಮಾತಾಡಿತು. ಲಾಂಛನಗಳ ದುರುಪಯೋಗ ತಡೆಯುವ 1950ರ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ರಾಜ್ಯ ಸರ್ಕಾರಗಳ ಲಾಂಛನಗಳಿವೆ, ಆದ್ದರಿಂದ ಗಂಡಭೇರುಂಡಕ್ಕೆ ರಕ್ಷಣೆ ಉಂಟು. ಹಳದಿ-ಕೆಂಪಿಗೆ ಇಲ್ಲ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೊಲ್ಹಾಪುರದಲ್ಲಿ ಕನ್ನಡ ಬಾವುಟ ಸುಟ್ಟರು, ಬೆಳಗಾವಿ ಹೊತ್ತಿ ಉರಿಯಿತು. ರಾಷ್ಟ್ರಧ್ವಜ ಸುಟ್ಟರೆ 1971ರ ರಾಷ್ಟ್ರಗೌರವ ಕಾಯ್ದೆಯಡಿ ಮೂರು ವರ್ಷದವರೆಗೆ ಜೈಲು. ಕನ್ನಡ ಬಾವುಟಕ್ಕೆ ಅಂಥ ಕಾಯ್ದೆಯಿಲ್ಲ, ಶಾಂತಿಭಂಗ, ದ್ವೇಷ ಹರಡುವಿಕೆ ಮುಂತಾದ ಸಾಮಾನ್ಯ ಕಲಮುಗಳನ್ನೇ ನೆಚ್ಚಬೇಕು.

ಬೆಳಗಾವಿಯ ಮಾತು ಬಂದದ್ದರಿಂದ ಇನ್ನೊಂದು. ಬೆಂಗಳೂರಿನಲ್ಲಿ ಈ ಬಾವುಟ ಬಹುಮಟ್ಟಿಗೆ ಹಬ್ಬದ ಅಲಂಕಾರ. ನವೆಂಬರ್ 1ರಂದು ಒಂದು ಬದಿಯಲ್ಲಿ ರಾಜ್ಯೋತ್ಸವ, ಇನ್ನೊಂದು ಬದಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನ ನಡೆಯುವ ಬೆಳಗಾವಿಯಲ್ಲಿ ಅದು ಈ ನೆಲ ಯಾರದು ಎಂಬ ಪ್ರಶ್ನೆಗೆ ಕೊಡುವ ಉತ್ತರ. 2020ರ ಡಿಸೆಂಬರ್ ಕೊನೆಯಲ್ಲಿ ಕನ್ನಡ ಕಾರ್ಯಕರ್ತರು ಅಲ್ಲಿನ ಮಹಾನಗರ ಪಾಲಿಕೆಯ ಕಚೇರಿ ಎದುರು ಕಂಬ ನೆಟ್ಟು ಬಾವುಟ ಹಾರಿಸಿದರು. ತೆಗೆಯಿರಿ ಎಂದು ಒಂದು ಕಡೆ, ಮುಟ್ಟಿದರೆ ಹುಷಾರ್ ಎಂದು ಇನ್ನೊಂದು ಕಡೆ. ಒಂದು ಕಂಬಕ್ಕೆ ಪೊಲೀಸ್ ಕಾವಲು ಬೇಕಾಯಿತು.

ಹಾರಿಸುವವರಿಗೆ

ಹಾಗಾದರೆ ಮನೆಯ ಮೇಲೆ, ಅಂಗಡಿಯ ಮುಂದೆ, ಸಂಘದ ಕಟ್ಟೆಯ ಮೇಲೆ ಕನ್ನಡ ಬಾವುಟ ಹಾರಿಸಬಹುದೇ? ಧಾರಾಳವಾಗಿ. ಅದನ್ನು ನಿಷೇಧಿಸುವ ಕಾನೂನಿಲ್ಲ. ಪಾಲಿಸಬೇಕಾದ ನಿಯಮಗಳು ರಾಷ್ಟ್ರಧ್ವಜದ ಕಡೆಯಿಂದ ಬರುತ್ತವೆ. 2002ರ ಧ್ವಜ ಸಂಹಿತೆಯ ಪ್ರಕಾರ ಬೇರೆ ಯಾವ ಬಾವುಟವೂ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ ಇರಬಾರದು, ಅದಕ್ಕೆ ಸರಿಸಮನಾಗಿ ಪಕ್ಕದಲ್ಲೂ ಇರಬಾರದು. ರಾಜ್ಯೋತ್ಸವದಂದು ಒಂದೇ ಅಂಗಳದಲ್ಲಿ ಎರಡನ್ನೂ ಹಾರಿಸುವವರು ತಪ್ಪುವುದು ಇಲ್ಲಿಯೇ. ಒಂದೇ ಕಂಬಕ್ಕೆ ಎರಡನ್ನೂ ಕಟ್ಟುವುದಂತೂ ಕೂಡದು. ಕನ್ನಡ ಬಾವುಟಕ್ಕೆ ಬೇರೆ ಕಂಬ, ದೂರದಲ್ಲಿ, ತಗ್ಗಿನಲ್ಲಿ.

ರಾಷ್ಟ್ರಧ್ವಜಕ್ಕೆ ಒಂಬತ್ತು ನಿಗದಿತ ಅಳತೆಗಳಿವೆ. ಖಾದಿಯ ಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಟ್ಟೆಯ ಎಳೆ, ಬಣ್ಣದ ಛಾಯೆ, ಚಕ್ರದ ಅಳತೆ ಎಲ್ಲವನ್ನೂ ಪರೀಕ್ಷಿಸಿ, ಒಂದರಲ್ಲಿ ತಪ್ಪಿದರೂ ಪಕ್ಕಕ್ಕಿಡುತ್ತಾರೆ. ಭಾರತದ ಮಾನಕ ಸಂಸ್ಥೆಯ ಮೊಟ್ಟಮೊದಲ ಮಾನಕವೇ ರಾಷ್ಟ್ರಧ್ವಜದ್ದು. ಕನ್ನಡ ಬಾವುಟಕ್ಕೆ ಇದ್ಯಾವುದೂ ಇಲ್ಲ. ಸಿಗ್ನಲ್‌ನಲ್ಲಿ ಮಾರುವ ಪಾಲಿಯೆಸ್ಟರ್ ಬಾವುಟದ ಹಳದಿ ಒಮ್ಮೆ ನಿಂಬೆಹಣ್ಣಿನದು, ಒಮ್ಮೆ ಮಾವಿನದು. ಕೆಂಪು ಎರಡು ಮಳೆಗೆ ಗುಲಾಬಿ. ಡಿಸೆಂಬರ್ ಬಂದರೂ ಇಳಿಸುವವರಿಲ್ಲದೆ ಕಂಬದಲ್ಲಿ ಚಿಂದಿಯಾಗಿ ನೇತಾಡುವ ಬಾವುಟಗಳೇ ಬೇಕಾದಷ್ಟು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ. ಬಣ್ಣದ ಛಾಯೆ ಇಂಥದ್ದು, ಉದ್ದಗಲ ಮೂರಕ್ಕೆ ಎರಡು, ಬಟ್ಟೆ ಹತ್ತಿಯದು ಎಂದು ಕನ್ನಡ ಸಂಘಟನೆಗಳು ಕೂತು ಒಂದು ಅಳತೆ ಗೊತ್ತುಮಾಡಿಕೊಂಡರೆ ಸಾಕು, ದರ್ಜಿಗಳು ಅದರಂತೆ ಹೊಲಿಯುತ್ತಾರೆ. ಅಲ್ಲಿಯವರೆಗೆ ಹಾರಿಸುವವರು ಗಮನಿಸಬೇಕಾದದ್ದು ಎರಡೇ: ಕಟ್ಟುವ ಮುಂಚೆ ಹಳದಿ ಮೇಲಿದೆಯೇ ನೋಡಿ, ಮಾಸಿದ ಮೇಲೆ ಇಳಿಸಿ.